ಹವಳದ ಕಟ್ಟೆಯ ಮೇಲಿನ ಬಿಡಾರಗಳು

ಸಮುದ್ರದಾಳದಿಂದ ಮೇಲೆ ಬಂದವರು ಕೂಡಲೇ ವಿಮಾನ ಹತ್ತುವಂತಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಪ್ಪತ್ತು-ಮೂವತ್ತು ಮೀಟರ್ ಆಳದಲ್ಲಿ ಉಸಿರಾಡುವಾಗ, ನೀರಿನ ಒತ್ತಡದಿಂದಾಗಿ ಗಾಳಿಯಲ್ಲಿನ ಸಾರಜನಕ ರಕ್ತದಲ್ಲೂ ಮಾಂಸಖಂಡಗಳಲ್ಲೂ ಕರಗಿ ಸೇರಿಕೊಳ್ಳುತ್ತದೆ. ಅದು ಉಸಿರಿನ ಮೂಲಕವೇ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹಾರಿದರೆ, ಸೋಡಾ ಬಾಟಲಿ ತೆರೆದಾಗ ಗುಳ್ಳೆ ಏಳುವಂತೆ ಮೈಯೊಳಗೇ ಗುಳ್ಳೆಗಳು ಏಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಅದರ ಪರಿಣಾಮ ಏನೂ ಆಗಬಹುದು. ಆದ್ದರಿಂದ ಹಲವು ದಿನ ಮುಳುಗಿದವರು ಕೊನೆಯ ಮುಳುಗಿನ ನಂತರ ಕನಿಷ್ಠ 18 ಗಂಟೆ ಕಾಲ ನೆಲದ ಮೇಲೇ ಇರಬೇಕೆಂಬುದು ಈ ಹವ್ಯಾಸದ ಕಟ್ಟುನಿಟ್ಟಾದ ನಿಯಮ.

ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪಕ್ಕೆ ಮಧುಚಂದ್ರಕ್ಕೆಂದು ಹೋಗುವ ನವದಂಪತಿಗಳಿಗೆ ಈ ನಿಯಮದಿಂದಾಗಿ ಕೊನೆಯಲ್ಲಿ ಒಂದು ಒಣ ದಿನ ಉಳಿಯುತ್ತದೆ. ಅಂದು ಅನೇಕರು ವಾಹನವೊಂದನ್ನು ಬಾಡಿಗೆಗೆ ಪಡೆದು ದ್ವೀಪದ ದಕ್ಷಿಣ ತುದಿಯ ಕಡೆಗೆ ಹೊರಡುತ್ತಾರೆ. ಬಲಕ್ಕೆ ತಿಳಿನೀಲಿ ಸಮುದ್ರ, ಎಡಕ್ಕೆ ನಸುಗೆಂಪು ನೀರು ನಿಂತ ಉಪ್ಪಿನ ಆಗರಗಳು, ಅದರಾಚೆ ಬೆಳ್ಳನೆಯ ಉಪ್ಪಿನ ರಾಶಿಗಳು, ಒಂಟಿಕಾಲಲ್ಲಿ ನಿಂತ ಫ್ಲೆಮಿಂಗೊ ಹಕ್ಕಿಗಳು. ಸ್ವಲ್ಪ ದೂರ ಹೋದ ಮೇಲೆ ದಡದಲ್ಲಿ ಸಾಲಾಗಿ ಪುಟ್ಟ ಕಲ್ಲಿನ ಗುಡಿಸಲುಗಳು ಕಾಣುತ್ತವೆ. ಬಾಗಿಲು ಸೊಂಟದೆತ್ತರ. ತೆವಳಿಕೊಂಡೇ ಒಳಗೆ ಹೋಗಬೇಕು. ಮೊದಲ ನೋಟಕ್ಕೆ ಕುರಿದೊಡ್ಡಿಯೋ ಏನೋ ಅನ್ನಿಸಿದರೆ ಆಶ್ಚರ್ಯವಿಲ್ಲ. 1850ರಲ್ಲಿ ಕಟ್ಟಿದ ಈ ಗುಡಿಸಲುಗಳಲ್ಲಿ ಉಪ್ಪು ತೆಗೆಯುವ ಗುಲಾಮರು ಮಲಗುತ್ತಿದ್ದರು.

ಬೊನೇರ್‌ನಲ್ಲಿ ಎಲ್ಲಿ ತಂಗಬೇಕು ಎಂಬ ಪ್ರಶ್ನೆಗೆ ಇಂದು ಹೋಟೆಲುಗಳ ದರಪಟ್ಟಿಯೇ ಉತ್ತರ ಹೇಳುತ್ತದೆ. ಆದರೆ ಈ ದ್ವೀಪದ ಚರಿತ್ರೆಯಲ್ಲಿ ಬಹುಕಾಲ ಆ ಪ್ರಶ್ನೆಯನ್ನು ತಂಗುವವರು ಕೇಳುವಂತಿರಲಿಲ್ಲ. ಬೇರೆಯವರು ನಿರ್ಧರಿಸಿ ಅವರನ್ನು ಅಲ್ಲಿ ಇರಿಸುತ್ತಿದ್ದರು.

ಗಾಳಿಯ ಮರೆ

ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ 1943ರಲ್ಲಿ ರೂಪಿಸಿದ ಉಸಿರಾಟದ ಸಲಕರಣೆ ಸಮುದ್ರದ ತಳವನ್ನು ಸಾಮಾನ್ಯರಿಗೂ ತೆರೆಯಿತು. ಅದಕ್ಕೆ ಮೊದಲು ಆಳದ ಕೆಲಸವೆಲ್ಲ ಭಾರದ ಹಿತ್ತಾಳೆ ಶಿರಸ್ತ್ರಾಣ ತೊಟ್ಟು, ಮೇಲಿನ ದೋಣಿಯಿಂದ ಕೊಳವೆಯಲ್ಲಿ ಗಾಳಿ ಪಡೆಯುತ್ತಿದ್ದ ವೃತ್ತಿನಿರತರದು. ಹೊಸ ಸಲಕರಣೆಯಲ್ಲಿ ಮುಳುಗುಗಾರ ತನ್ನ ಗಾಳಿಯನ್ನು ತಾನೇ ಹೊತ್ತು ಮೀನಿನಂತೆ ಸುತ್ತಾಡಬಹುದಾಯಿತು. ಮಹಾಯುದ್ಧದ ನಂತರ ಅಮೆರಿಕದಲ್ಲಿ ಈ ಹವ್ಯಾಸ ಹಬ್ಬಿತು. ಬೆಚ್ಚಗಿನ ತಿಳಿನೀರು ಹುಡುಕಿದವರಿಗೆ ಹತ್ತಿರದಲ್ಲಿ ಸಿಕ್ಕಿದ್ದು ಕೆರಿಬಿಯನ್. 1957ರಲ್ಲಿ ಕೇಮನ್ ದ್ವೀಪದಲ್ಲಿ ಬಾಬ್ ಸೋಟೊ ಎಂಬಾತ ಅಲ್ಲಿನ ಮೊದಲ ಡೈವಿಂಗ್ ಅಂಗಡಿ ತೆರೆದ. ಮುಂದಿನ ಎರಡು-ಮೂರು ದಶಕಗಳಲ್ಲಿ ಜೆಟ್ ವಿಮಾನಗಳ ಬಲದಿಂದ ದ್ವೀಪದಿಂದ ದ್ವೀಪಕ್ಕೆ ಈ ವ್ಯವಹಾರ ಹರಡಿತು.

ಮಧುಚಂದ್ರಕ್ಕೆ ಸಾಮಾನ್ಯವಾಗಿ ಕೊಠಡಿಯ ಅಂದ, ಊಟ, ಸಮುದ್ರ ಕಾಣುವ ಕಿಟಕಿ ನೋಡುತ್ತಾರೆ. ಮುಳುಗುವವರು ಮೊದಲು ನೋಡಬೇಕಾದದ್ದು ಗಾಳಿಯ ದಿಕ್ಕು. ಕೆರಿಬಿಯನ್‌ನಲ್ಲಿ ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸುತ್ತದೆ. ಹಿಂದೆ ಹಾಯಿ ಹಡಗುಗಳನ್ನು ನಡೆಸಿದ ವಾಣಿಜ್ಯ ಮಾರುತ ಅದೇ. ದ್ವೀಪದ ಪೂರ್ವ ದಡಕ್ಕೆ ಅಲೆ ಅಪ್ಪಳಿಸುತ್ತಿರುವಾಗ ಪಶ್ಚಿಮ ದಡದಲ್ಲಿ ಕೆರೆಯ ನೀರಿನಂಥ ಶಾಂತಿ. ಎರಡನೆಯದು, ನದಿ. ದೊಡ್ಡ ಮಳೆ ಬೀಳುವ, ಹೊಳೆ ಹರಿಯುವ ದ್ವೀಪಗಳಲ್ಲಿ ಕೆಸರು ಸಮುದ್ರ ಸೇರಿ ನೀರು ಮಬ್ಬಾಗುತ್ತದೆ. ಮೂರನೆಯದು, ಚಂಡಮಾರುತ. ಜೂನ್‌ನಿಂದ ನವೆಂಬರ್‌ವರೆಗೆ ಅದರ ಭಯ. ಮದುವೆಯ ಮುಹೂರ್ತವೇನೂ ಅದನ್ನು ಕೇಳಿ ಬರುವುದಿಲ್ಲ.

ಬೊನೇರ್ ಈ ಮೂರು ಲೆಕ್ಕದಲ್ಲೂ ಗೆದ್ದಿತು. ವೆನೆಜುವೆಲಾದ ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಚಂಡಮಾರುತಗಳ ಸಾಮಾನ್ಯ ಹಾದಿಗಿಂತ ದಕ್ಷಿಣಕ್ಕೆ ಅದು ಇದೆ. ವಿಸ್ತೀರ್ಣ 288 ಚದರ ಕಿಲೋಮೀಟರ್. ಮಳೆ ಅಪರೂಪ, ನದಿಯಿಲ್ಲ, ಎಲ್ಲೆಲ್ಲೂ ಪಾಪಾಸುಕಳ್ಳಿ ಮತ್ತು ಮುಳ್ಳುಗಿಡ. ಪಶ್ಚಿಮ ದಡದಿಂದ ಕೆಲವೇ ಮಾರು ಈಜಿದರೆ ಹವಳದ ದಂಡೆ ಆರಂಭವಾಗಿ ಇಳಿಜಾರಾಗಿ ಆಳಕ್ಕೆ ಸಾಗುತ್ತದೆ. ದೋಣಿಯೇ ಬೇಡ. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದು ಹೆಸರು ಬರೆದ ಕಲ್ಲುಗಳಿವೆ. ಅಲ್ಲಿ ವಾಹನ ನಿಲ್ಲಿಸಿ, ಸಿಲಿಂಡರ್ ಹೊತ್ತು ನೀರಿಗೆ ನಡೆದರಾಯಿತು. ಹೋಟೆಲುಗಳೆಲ್ಲ ಪಶ್ಚಿಮ ದಡದಲ್ಲೇ ಸಾಲುಗಟ್ಟಿರುವುದರ ಕಾರಣವೂ ಇದೇ. ಮುಖ್ಯ ಪಟ್ಟಣದ ಹೆಸರು ಕ್ರಾಲೆಂಡೈಕ್. ಡಚ್ ಭಾಷೆಯಲ್ಲಿ ಅದರ ಮೂಲ ಅರ್ಥ ಹವಳದ ಕಟ್ಟೆ.

ಇಂದು ಪ್ರವಾಸಿಗಳನ್ನು ಸೆಳೆಯುವ ಒಣನೆಲ, ಬಿಸಿಲು ಮತ್ತು ಗಾಳಿಗಳೇ ಒಂದು ಕಾಲಕ್ಕೆ ಈ ದ್ವೀಪದ ಶಾಪವಾಗಿದ್ದವು.

ನಿರುಪಯುಕ್ತ ದ್ವೀಪ

1499ರಲ್ಲಿ ಸ್ಪೇನಿನವರು ಇಲ್ಲಿಗೆ ಬಂದಾಗ ಕಾಕೆತಿಯೊ ಎಂಬ ಮೂಲನಿವಾಸಿಗಳಿದ್ದರು. ಚಿನ್ನ ಸಿಗಲಿಲ್ಲ. ಅರುಬಾ, ಕ್ಯುರಸಾವೊ, ಬೊನೇರ್ ಮೂರನ್ನೂ ‘ನಿರುಪಯುಕ್ತ ದ್ವೀಪಗಳು’ ಎಂದು ಸ್ಪೇನ್ ಕರೆಯಿತು. ದ್ವೀಪ ನಿರುಪಯುಕ್ತವಾದರೂ ಅಲ್ಲಿನ ಜನ ಹಾಗಿರಲಿಲ್ಲವಷ್ಟೆ. 1515ರಲ್ಲಿ ಅವರನ್ನು ಹಿಸ್ಪ್ಯಾನಿಯೋಲಾ ದ್ವೀಪದ ಗಣಿಗಳಿಗೆ ದುಡಿಯಲು ಸಾಗಿಸಲಾಯಿತು. ಬೊನೇರ್‌ನಲ್ಲಿ ಎಲ್ಲಿರಬೇಕೆಂದು ಬೇರೆಯವರು ನಿರ್ಧರಿಸಿದ ಮೊದಲ ಪ್ರಕರಣ ಅದು.

1636ರಲ್ಲಿ ದ್ವೀಪ ಡಚ್ಚರ ಕೈಸೇರಿತು. ಅವರಿಗೆ ಚಿನ್ನ ಬೇಕಿರಲಿಲ್ಲ, ಉಪ್ಪು ಬೇಕಿತ್ತು. ಹಾಲೆಂಡಿನ ಸಂಪತ್ತು ಹೆರಿಂಗ್ ಮೀನಿನಲ್ಲಿತ್ತು, ಹೆರಿಂಗ್ ಕೆಡದಿರಲು ಉಪ್ಪು ಬೇಕು. ಅದು ಪೋರ್ಚುಗಲ್ಲಿನ ಸೆತುಬಾಲ್‌ನಿಂದ ಬರುತ್ತಿತ್ತು. ಆದರೆ ಡಚ್ಚರು ಸ್ಪೇನಿನ ವಿರುದ್ಧ ದಂಗೆಯೆದ್ದಿದ್ದರು, 1580ರಲ್ಲಿ ಪೋರ್ಚುಗಲ್ ಸ್ಪೇನಿನ ದೊರೆಯ ಆಳ್ವಿಕೆಗೆ ಸೇರಿತ್ತು. ಉಪ್ಪಿನ ಬಾಗಿಲು ಮುಚ್ಚಿತು. ಡಚ್ ಹಡಗುಗಳು ಉಪ್ಪು ಹುಡುಕುತ್ತ ಅಟ್ಲಾಂಟಿಕ್ ದಾಟಿದವು. ಮಳೆಯಿಲ್ಲದ, ಬಿಸಿಲು ಸುಡುವ, ಗಾಳಿ ನಿಲ್ಲದ, ಸಮುದ್ರಮಟ್ಟದಲ್ಲೇ ಮಲಗಿದ ಬೊನೇರ್‌ನ ದಕ್ಷಿಣ ಭಾಗ ಉಪ್ಪು ಬೆಳೆಯಲು ಹೇಳಿ ಮಾಡಿಸಿದಂತಿತ್ತು.

ಕೆಲಸಕ್ಕೆ ಆಫ್ರಿಕಾದ ಗುಲಾಮರು ಬಂದರು. ಮೊದಲು ಡಚ್ ವೆಸ್ಟ್ ಇಂಡಿಯಾ ಕಂಪನಿ, ಅದು ಮುಳುಗಿದ ಮೇಲೆ ಸರ್ಕಾರವೇ ಅವರ ಒಡೆಯ. ಇಲ್ಲಿನ ಪಾಪಿಯಮೆಂತು ಭಾಷೆಯಲ್ಲಿ ಅವರನ್ನು ‘ಕತಿಬು ದಿ ರೆಯ್’ ಅಂದರೆ ರಾಜನ ಗುಲಾಮರು ಎನ್ನುತ್ತಿದ್ದರು. ಆಗರದಲ್ಲಿ ಹೆಪ್ಪುಗಟ್ಟಿದ ಉಪ್ಪನ್ನು ಒಡೆದು, ರಾಶಿ ಹಾಕಿ, ಹೊತ್ತು ದೋಣಿಗೆ ತುಂಬಬೇಕು. ಉಪ್ಪುನೀರಲ್ಲಿ ನಿಂತ ಕಾಲಿಗೆ ಹುಣ್ಣು. ಬಿಳುಪಿನ ಮೇಲೆ ಬಿದ್ದ ಬಿಸಿಲು ಕಣ್ಣನ್ನು ಸುಡುತ್ತದೆ. 1837ರಲ್ಲಿ ದಡದಲ್ಲಿ ಎತ್ತರದ ನಾಲ್ಕು ಸ್ತಂಭಗಳನ್ನು ನಿಲ್ಲಿಸಿದರು. ಕೆಂಪು, ಬಿಳಿ, ನೀಲಿ, ಕಿತ್ತಳೆ. ಬರುವ ಹಡಗು ಯಾವ ಆಗರದ ಎದುರು ಉಪ್ಪು ತುಂಬಿಕೊಳ್ಳಬೇಕೆಂಬುದಕ್ಕೆ ಆ ಬಣ್ಣಗಳೇ ಸೂಚನೆ.

ಹಡಗಿಗೆ ಗುರುತು ನೆಟ್ಟು ಹದಿಮೂರು ವರ್ಷವಾದ ಮೇಲೆ ದುಡಿಯುವವರಿಗೆ ಸೂರು ಬಂತು. ಅವರ ಸಂಸಾರಗಳಿದ್ದದ್ದು ಉತ್ತರದ ರಿಂಕೋನ್ ಎಂಬ ಹಳ್ಳಿಯಲ್ಲಿ. ವಾರವೆಲ್ಲ ಆಗರದಲ್ಲಿ ದುಡಿದು ವಾರದ ಕೊನೆಗೆ ಅಲ್ಲಿಗೆ ನಡೆಯುತ್ತಿದ್ದರು. ಸುಮಾರು ಏಳು ಗಂಟೆಯ ನಡಿಗೆ. ಹೆಂಡತಿ ಮಕ್ಕಳನ್ನು ನೋಡಿ ಮತ್ತೆ ಅಷ್ಟೇ ದೂರ ವಾಪಸ್ಸು. 1863ರ ಜುಲೈ 1ರಂದು ಡಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಬ್ರಿಟನ್ನಿಗಿಂತ ಸುಮಾರು ಮೂವತ್ತು ವರ್ಷ, ಫ್ರಾನ್ಸಿಗಿಂತ ಹದಿನೈದು ವರ್ಷ ತಡವಾಗಿ. ಅಂದರೆ ಈ ಕಲ್ಲಿನ ಗುಡಿಸಲುಗಳು ಗುಲಾಮರ ಮನೆಗಳಾಗಿದ್ದದ್ದು ಹದಿಮೂರೇ ವರ್ಷ. ಅವುಗಳ ಎದುರಿನ ನೀರು ಇಂದು ಹೆಸರಾಂತ ಮುಳುಗು ತಾಣಗಳಾಗಿದ್ದು, ‘ವೈಟ್ ಸ್ಲೇವ್’, ‘ರೆಡ್ ಸ್ಲೇವ್’ ಎಂಬ ಹೆಸರುಗಳು ನಕ್ಷೆಯಲ್ಲಿವೆ. ಬಣ್ಣ ಸ್ತಂಭದ್ದು ಎಂಬುದು ನಿಜ. ಆದರೂ ಬೆಳಗಿನ ತಿಂಡಿ ತಿನ್ನುತ್ತ ಈ ಹೊತ್ತು ಯಾವ ‘ಗುಲಾಮ’ನ ಕಡೆ ಹೋಗೋಣ ಎಂದು ಮಾತಾಡಿಕೊಳ್ಳುವುದು ಕಿವಿಗೆ ಹಿತವಾಗಿಲ್ಲ.

ಬಿಡುಗಡೆಯಾದವರಿಗೆ ದ್ವೀಪದಲ್ಲಿ ಮಾಡಲು ಹೆಚ್ಚು ಕೆಲಸವಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಪಕ್ಕದ ಕ್ಯುರಸಾವೊ ಮತ್ತು ಅರುಬಾಗಳಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಗಳು ಬಂದಾಗ ಬೊನೇರ್‌ನ ಗಂಡಸರು ಅಲ್ಲಿಗೆ ವಲಸೆ ಹೋದರು.

ಮುಳ್ಳುತಂತಿಯ ಒಳಗೆ

1940ರ ಮೇ 10ರಂದು ಹಿಟ್ಲರನ ಸೈನ್ಯ ಹಾಲೆಂಡನ್ನು ಮುತ್ತಿತು. ಆ ಸುದ್ದಿ ತಲುಪಿದ್ದೇ ತಡ, ಕೆರಿಬಿಯನ್‌ನ ಡಚ್ ದ್ವೀಪಗಳಲ್ಲಿದ್ದ ಜರ್ಮನರು ಮತ್ತು ಆಸ್ಟ್ರಿಯನರನ್ನು ಹಿಡಿದು ಬೊನೇರ್‌ಗೆ ತಂದರು. ಕ್ರಾಲೆಂಡೈಕ್‌ನ ದಡದಲ್ಲಿ ಮರದ ಬ್ಯಾರಕ್‌ಗಳ ಶಿಬಿರ ಎದ್ದಿತು. ಹಡಗಿನ ನಾವಿಕರು, ವ್ಯಾಪಾರಿಗಳು ಸೇರಿ ನಾನೂರಕ್ಕೂ ಹೆಚ್ಚು ಜನ ಅದರೊಳಗೆ. ವಿಚಿತ್ರವೆಂದರೆ, ಹಿಟ್ಲರನಿಗೆ ಹೆದರಿ ಓಡಿಬಂದ ಯಹೂದಿಗಳೂ ನಾತ್ಸಿ ವಿರೋಧಿಗಳೂ ಅವರಲ್ಲಿದ್ದರು. ಕೈಯಲ್ಲಿದ್ದ ಪಾಸ್‌ಪೋರ್ಟ್ ಜರ್ಮನಿಯದು, ಅಷ್ಟು ಸಾಕಾಯಿತು. ಯುದ್ಧ ಮುಗಿದ ಮೇಲೂ ಕೆಲವರಿಗೆ ಕೂಡಲೇ ಬಿಡುಗಡೆ ಸಿಗಲಿಲ್ಲ.

ಶಿಬಿರ ಖಾಲಿಯಾದಾಗ ದ್ವೀಪಕ್ಕೆ ಸಿದ್ಧ ಕಟ್ಟಡಗಳ ಸಾಲೊಂದು ಉಳಿಯಿತು. ಶಾಂತ ಸಮುದ್ರದ ದಡ, ಪಟ್ಟಣಕ್ಕೆ ಸಮೀಪ. ಐವತ್ತರ ದಶಕದಲ್ಲಿ ಅದೇ ಬ್ಯಾರಕ್‌ಗಳು ಹೋಟೆಲಾದವು. ಹೆಸರು ‘ಝೇಬಾಡ್’, ಅಂದರೆ ಸಮುದ್ರಸ್ನಾನ. ಬೊನೇರ್ ಪ್ರವಾಸೋದ್ಯಮದ ಆರಂಭ ಅದು. ಮುಂದೆ ಹೆಸರು ಬದಲಾಗಿ, ಕಟ್ಟಡಗಳೂ ಬದಲಾಗಿ, ಇಂದು ಆ ಜಾಗದಲ್ಲಿ ಡಿವಿ ಫ್ಲೆಮಿಂಗೊ ಎಂಬ ದೊಡ್ಡ ಹೋಟೆಲಿದೆ. ಮಧುಚಂದ್ರಕ್ಕೆ ಬಂದವರು ಸಂಜೆ ಸೂರ್ಯಾಸ್ತ ನೋಡುವ ದಡದಲ್ಲೇ ಎಂಟು ದಶಕಗಳ ಹಿಂದೆ ಕಾವಲುಗಾರರಿದ್ದರು.

ಲಂಗರು ಇಳಿಸಬಾರದು

1962ರ ಮೇ ತಿಂಗಳಲ್ಲಿ ‘ವಾಲೆರಿ ಕ್ವೀನ್’ ಎಂಬ ಸೋರುತ್ತಿದ್ದ ಹಾಯಿ ಹಡಗಿನಲ್ಲಿ ಕ್ಯಾಲಿಫೋರ್ನಿಯಾದ ಡಾನ್ ಸ್ಟೂವರ್ಟ್ ಬೊನೇರ್ ತಲುಪಿದ. ಮುಂದೆ ‘ಕ್ಯಾಪ್ಟನ್ ಡಾನ್’ ಎಂದೇ ಪ್ರಸಿದ್ಧನಾದ ಈತ ಹಳೆಯ ಶಿಬಿರದ ಹೋಟೆಲನ್ನು ನೆಲೆಯಾಗಿಸಿಕೊಂಡು ದ್ವೀಪದ ಮೊದಲ ಡೈವಿಂಗ್ ವ್ಯವಹಾರ ಆರಂಭಿಸಿದ. 1976ರಲ್ಲಿ ‘ಹ್ಯಾಬಿಟಾಟ್’ ಎಂಬ ತನ್ನದೇ ತಂಗುದಾಣ ಕಟ್ಟಿದ. ಹಗಲಿರುಳು ಯಾವ ಹೊತ್ತಿನಲ್ಲೂ ಅತಿಥಿಗಳು ಸಿಲಿಂಡರ್ ತೆಗೆದುಕೊಂಡು ಎದುರಿನ ನೀರಿಗೆ ಇಳಿಯಬಹುದೆಂಬುದು ಅಲ್ಲಿನ ವಿಶೇಷ. ಕೊಠಡಿಗೆ ತಾಗಿ ಹವಳ, ಹವಳಕ್ಕೆ ತಾಗಿ ಕೊಠಡಿ ಎಂಬ ಮಾದರಿ ಹೀಗೆ ನೆಲೆಯೂರಿತು.

ಸ್ಟೂವರ್ಟ್ ಮೊದಲು ಈಟಿಗಾರ. ಆ ಕಾಲದಲ್ಲಿ ಮುಳುಗುವುದೆಂದರೆ ನೀರೊಳಗಿನ ಬೇಟೆಯೇ. ದೊಡ್ಡ ಮೀನುಗಳು ಕಣ್ಣೆದುರೇ ಕಡಿಮೆಯಾಗತೊಡಗಿದಾಗ ಅವನು ಬದಲಾದ. ದ್ವೀಪದ ಕಾನೂನೂ ಬದಲಾಯಿತು. 1961ರಲ್ಲೇ ಆಮೆಯ ಮೊಟ್ಟೆ, ಗೂಡುಗಳಿಗೆ ರಕ್ಷಣೆ ಸಿಕ್ಕಿತ್ತು. 1971ರಲ್ಲಿ ಈಟಿಯಿಂದ ಮೀನು ಹಿಡಿಯುವುದಕ್ಕೂ, 1975ರಲ್ಲಿ ಹವಳ ಮುರಿಯುವುದಕ್ಕೂ ನಿಷೇಧ ಬಂತು. 1979ರಲ್ಲಿ ದಡದಿಂದ ಹಿಡಿದು 60 ಮೀಟರ್ ಆಳದವರೆಗೆ ದ್ವೀಪದ ಸುತ್ತಲಿನ ನೀರನ್ನೆಲ್ಲ ಸಾಗರ ಉದ್ಯಾನವೆಂದು ಘೋಷಿಸಲಾಯಿತು. ದೋಣಿಗಳು ಲಂಗರು ಇಳಿಸುವಂತಿಲ್ಲ; ತಳಕ್ಕೆ ಭದ್ರವಾಗಿ ಕಟ್ಟಿದ ತೇಲುಗುಂಡುಗಳಿಗೆ ಹಗ್ಗ ಬಿಗಿದು ನಿಲ್ಲಬೇಕು. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಬೆಳೆಯುವ ಹವಳವನ್ನು ಒಂದು ಲಂಗರು ಒಂದೇ ಏಟಿಗೆ ಪುಡಿ ಮಾಡುತ್ತದೆ ಎಂಬುದನ್ನು ಕಂಡವರಿಗೆ ಈ ನಿಯಮದ ಬೆಲೆ ಗೊತ್ತು.

ಉದ್ಯಾನವೇನೋ ಆಯಿತು, ನಡೆಸಲು ಹಣ? ಆರಂಭದಲ್ಲಿ ವಿಶ್ವ ವನ್ಯಜೀವಿ ನಿಧಿ ನೆರವಾಗಿತ್ತು. ಅದು ಮುಗಿದ ಮೇಲೆ ಎಂಬತ್ತರ ದಶಕದ ನಡುವಿನಿಂದ ಉದ್ಯಾನ ಕಾಗದದ ಮೇಲಷ್ಟೇ ಉಳಿಯಿತು. ಇದೇ ಸಮಯದಲ್ಲಿ ಕೆರಿಬಿಯನ್ನಿನ ಹವಳಕ್ಕೆ ಒಂದರ ಮೇಲೊಂದು ಏಟು ಬಿದ್ದಿತ್ತು. ಕೊಂಬೆ ಹವಳಗಳಿಗೆ ರೋಗ ಬಂತು. 1983-84ರಲ್ಲಿ ಪಾಚಿ ತಿಂದು ಹವಳವನ್ನು ಚೊಕ್ಕಟವಾಗಿಡುತ್ತಿದ್ದ ಕಪ್ಪು ಮುಳ್ಳುಚೆಂಡಿನಂಥ ಕಡಲಜೀವಿಗಳು ಇಡೀ ಪ್ರದೇಶದಲ್ಲಿ ಸತ್ತುಹೋದವು. (1984ರ ಸೆಪ್ಟೆಂಬರ್‌ನಲ್ಲಿ ಸುಮಾರು 11 ಟನ್ ಗಾಂಜಾ ಸಮೇತ ಸಿಕ್ಕಿಬಿದ್ದಿದ್ದ ‘ಹಿಲ್ಮಾ ಹೂಕರ್’ ಎಂಬ ಹಡಗು ವಾರಸುದಾರರಿಲ್ಲದೆ ಇಲ್ಲಿ ಮುಳುಗಿತು. ದ್ವೀಪದ ಡೈವಿಂಗ್ ವ್ಯಾಪಾರಿಗಳಿಗೆ ಅದೊಂದು ಪುಕ್ಕಟೆ ಆಕರ್ಷಣೆಯಾಯಿತೆಂಬುದು ಬೇರೆ ಕತೆ.)

1992ರಲ್ಲಿ ಉದ್ಯಾನ ಮರುಜೀವ ಪಡೆದದ್ದು ಪ್ರತಿ ಮುಳುಗುಗಾರನಿಂದ ವರ್ಷಕ್ಕೆ 10 ಡಾಲರ್ ಶುಲ್ಕ ಪಡೆಯುವ ಏರ್ಪಾಟಿನಿಂದ. ಗಿರಾಕಿಗಳು ಬೇರೆ ದ್ವೀಪಕ್ಕೆ ಹೋದಾರು ಎಂಬ ಭಯ ಹೋಟೆಲಿನವರಿಗಿತ್ತು. ಅದೇ ಸುಮಾರಿಗೆ ನಡೆದ ಸಮೀಕ್ಷೆಯಲ್ಲಿ ಹೆಚ್ಚಿನ ಪ್ರವಾಸಿಗಳು ಹತ್ತಲ್ಲ, ಇಪ್ಪತ್ತು ಕೊಡಲೂ ಸಿದ್ಧವೆಂದರು. ಅದೇ ಅಧ್ಯಯನ ಇನ್ನೊಂದು ವಿಷಯವನ್ನೂ ತೋರಿಸಿತು. ಒಂದೇ ತಾಣದಲ್ಲಿ ವರ್ಷಕ್ಕೆ 4,000ದಿಂದ 6,000 ಮುಳುಗುಗಳನ್ನು ಮೀರಿದರೆ ಹವಳ ಕುಸಿಯತೊಡಗುತ್ತದೆ. ಇದು ಹೆಚ್ಚಾಗಿ ತಟ್ಟುವುದು ಹೋಟೆಲಿನ ಎದುರಿನ ದಂಡೆಗೇ. ಏಕೆಂದರೆ ಹೊಸದಾಗಿ ಬಂದವರು ತೇಲುವಿಕೆಯ ಹದ ಕಲಿಯಲು ಮೊದಲು ಇಳಿಯುವುದು ಅಲ್ಲಿ. ಶುಲ್ಕ ಏರುತ್ತ 2019ರಲ್ಲಿ 45 ಡಾಲರ್ ಮುಟ್ಟಿತು. ಜನ ಬರುವುದು ನಿಲ್ಲಲಿಲ್ಲ.

ಎಲ್ಲಿ ತಂಗಬಾರದು ಎಂಬುದನ್ನೂ ದ್ವೀಪ ಒಮ್ಮೆ ನಿರ್ಧರಿಸಿತು. ಕ್ರಾಲೆಂಡೈಕ್‌ನ ಎದುರಿಗೇ ಇರುವ ಕ್ಲೈನ್ ಬೊನೇರ್ ಎಂಬ ಪುಟ್ಟ ನಡುಗಡ್ಡೆ 1868ರಿಂದ ಖಾಸಗಿಯವರ ಆಸ್ತಿಯಾಗಿತ್ತು. ಅಲ್ಲಿ ಹೋಟೆಲು ಕಟ್ಟುವ ಯೋಜನೆಗಳು ತಲೆಯೆತ್ತಿದಾಗ ಜನ ವಿರೋಧಿಸಿದರು. 1999ರಲ್ಲಿ ಅದನ್ನು ಮರಳಿ ಖರೀದಿಸಲಾಯಿತು. ಮುಂದೆ ಉದ್ಯಾನಕ್ಕೆ ಸೇರಿಸಲಾಯಿತು. ಇಂದಿಗೂ ಅಲ್ಲಿ ರಾತ್ರಿ ಉಳಿಯುವುದು ಮೊಟ್ಟೆಯಿಡಲು ಬರುವ ಆಮೆಗಳು ಮಾತ್ರ.

ಕೊಠಡಿಯ ಹಿತ್ತಿಲು

ಇಷ್ಟಾದರೂ ದಂಡೆ ಸುರಕ್ಷಿತವೆನ್ನುವಂತಿಲ್ಲ. ಬೊನೇರ್‌ನ ನೆಲ ಸುಣ್ಣಕಲ್ಲಿನದು, ಜರಡಿಯಿದ್ದಂತೆ. ಹೋಟೆಲುಗಳ ಶೌಚಗುಂಡಿಗಳಿಂದ ಇಂಗಿದ ನೀರು ಅಂತರ್ಜಲದ ಜೊತೆ ಸೋರಿ ಹವಳವನ್ನೇ ಸೇರುತ್ತಿತ್ತು. ಕೊಳಚೆಯ ಪೋಷಕಾಂಶದಿಂದ ಪಾಚಿ ಬೆಳೆಯುತ್ತದೆ, ಪಾಚಿ ಹವಳವನ್ನು ಮುಚ್ಚುತ್ತದೆ. ದಡದ ಕಟ್ಟಡಗಳ ಕೊಳಚೆಯನ್ನು ಸಂಗ್ರಹಿಸಿ ಶುದ್ಧೀಕರಿಸುವ ಕೆಲಸ ಶುರುವಾದದ್ದು 2010ರ ನಂತರವಷ್ಟೆ. ಕೊಠಡಿ ಆರಿಸುವಾಗ ಯಾರೂ ಕೇಳದ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಸ್ನಾನದ ನೀರು ಎಲ್ಲಿಗೆ ಹೋಗುತ್ತದೆ?

2010ರ ಅಕ್ಟೋಬರ್ 10ರಂದು ಬೊನೇರ್ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆಯಾಯಿತು. ಮರುವರ್ಷ ಅಮೆರಿಕದ ಡಾಲರ್ ಅಲ್ಲಿನ ಅಧಿಕೃತ ನಾಣ್ಯವಾಯಿತು. ಯುರೋಪಿನಿಂದ ಹಣ ಹರಿಯಿತು, ಜನರೂ ಬಂದರು. 2011ರಲ್ಲಿ ಸುಮಾರು 15 ಸಾವಿರದಷ್ಟಿದ್ದ ಜನಸಂಖ್ಯೆ 2024ರ ಹೊತ್ತಿಗೆ 25 ಸಾವಿರ ದಾಟಿತು. ದಡದ ಮನೆಗಳು ಪ್ರವಾಸಿಗಳ ಬಿಡಾರಗಳಾದಂತೆ ಹೋಟೆಲುಗಳಲ್ಲಿ ದುಡಿಯುವ ಸ್ಥಳೀಯರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಯಿತು. ರಾಜನ ಗುಲಾಮರ ಮೊಮ್ಮಕ್ಕಳ ಮಕ್ಕಳು ತಮ್ಮದೇ ದ್ವೀಪದಲ್ಲಿ ಎಲ್ಲಿರಬೇಕು ಎಂದು ಕೇಳುವ ಸ್ಥಿತಿ ಬಂದಿದೆ.

ಹವಳಕ್ಕೆ ಬಂದಿರುವ ಕಷ್ಟ ಇನ್ನೂ ದೊಡ್ಡದು. 1999ರ ನವೆಂಬರ್‌ನಲ್ಲಿ ‘ಲೆನ್ನಿ’ ಚಂಡಮಾರುತ ಎಂದಿನ ಕ್ರಮ ಬಿಟ್ಟು ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಾಗ, ಗಾಳಿಯ ಮರೆಯೆಂದು ನಂಬಿದ್ದ ದಡವೇ ಅಲೆಗಳಿಗೆ ಸಿಕ್ಕಿತ್ತು. 2023ರ ಮಾರ್ಚ್‌ನಲ್ಲಿ ಫ್ಲೋರಿಡಾದಲ್ಲಿ ಮೊದಲು ಕಂಡ, ಗಟ್ಟಿ ಹವಳದ ಅಂಗಾಂಶವನ್ನೇ ತಿಂದುಹಾಕುವ ರೋಗ ಇಲ್ಲೂ ಕಾಣಿಸಿತು. ಅದೇ ವರ್ಷ ನೀರು ಅತಿಯಾಗಿ ಬಿಸಿಯಾಗಿ ಹವಳಗಳು ಬಿಳಚಿದವು. 2024ರಲ್ಲಿ ಮತ್ತೆ ಅದೇ ಆಯಿತು. ನೂರಾರು ವರ್ಷ ಬಾಳಿದ ಹವಳದ ಬಂಡೆಗಳು ತಿಂಗಳುಗಳಲ್ಲಿ ಸತ್ತವು. ಸೋಂಕು ಒಂದು ತಾಣದಿಂದ ಇನ್ನೊಂದಕ್ಕೆ ಹರಡದಂತೆ ಉಡುಪು, ಸಲಕರಣೆಗಳನ್ನು ಸೋಂಕುನಿವಾರಕದಲ್ಲಿ ತೊಳೆಯುವಂತೆ ಮುಳುಗುಗಾರರಿಗೆ ಸೂಚಿಸಲಾಯಿತು.

ದಕ್ಷಿಣದ ಉಪ್ಪಿನ ನೆಲ ಸಮುದ್ರಮಟ್ಟಕ್ಕಿಂತ ಹೆಚ್ಚೇನೂ ಎತ್ತರವಿಲ್ಲ. ಆಮ್‌ಸ್ಟರ್‌ಡಾಮಿನ ಫ್ರೈ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಮುದ್ರ ಏರಿದಂತೆ ದ್ವೀಪದ ತಗ್ಗುಭಾಗಗಳು ಈ ಶತಮಾನದಲ್ಲೇ ನೀರುಪಾಲಾಗುವ ಅಪಾಯವಿದೆ. ದಡದಲ್ಲಿರುವ ಗುಲಾಮರ ಗುಡಿಸಲುಗಳೂ ಅದರಲ್ಲಿ ಸೇರಿವೆ. 2024ರ ಜನವರಿಯಲ್ಲಿ ಬೊನೇರ್‌ನ ಕೆಲವು ನಿವಾಸಿಗಳು ಗ್ರೀನ್‌ಪೀಸ್ ಸಂಸ್ಥೆಯ ಜೊತೆ ಸೇರಿ, ತಮ್ಮನ್ನು ರಕ್ಷಿಸಲು ಸಾಕಷ್ಟು ಮಾಡುತ್ತಿಲ್ಲವೆಂದು ಡಚ್ ಸರ್ಕಾರದ ವಿರುದ್ಧವೇ ಹೇಗ್‌ನಲ್ಲಿ ಮೊಕದ್ದಮೆ ಹೂಡಿದರು. ಹೇಗ್ ಇರುವುದು ಸಮುದ್ರಕ್ಕೆ ಒಡ್ಡು ಕಟ್ಟಿ, ಅದಕ್ಕಿಂತ ತಗ್ಗಿನಲ್ಲಿ ಊರುಗಳನ್ನು ಉಳಿಸಿಕೊಂಡು ಬಂದ ದೇಶದಲ್ಲಿ.